ಕರುಣಾಳ ಕಡಲಪಾಚಿ

ಏಪ್ರಿಲ್ ತಿಂಗಳ ಎರಡನೆಯ ವಾರ. ಸೇಡಮ್ಮಿನಲ್ಲಿ ಬೆಳಿಗ್ಗೆ ಎಂಟಕ್ಕೇ ಅಂಗಳದ ಫರಸಿಕಲ್ಲು ಕಾಲು ಸುಡುತ್ತಿತ್ತು. ಕಚೇರಿಗೆ ಹೊರಡುವ ಮುನ್ನ ಕರುಣಾ ಮೀನಿನ ತೊಟ್ಟಿಯ ಕೆಳಗಿನ ಕಪಾಟು ತೆಗೆದು, ಮೊಣಕಾಲೂರಿ ಕುಳಿತು, ಉಪ್ಪುನೀರಿಗೆ ಕೈ ಇಳಿಬಿಟ್ಟಳು. ಹಸಿರು ನೂಲಿನ ಸಿಕ್ಕಿನಂತಿದ್ದ ಪಾಚಿಯ ಉಂಡೆಗೆ ಬೆರಳು ತಾಗಿದ್ದೇ ತಡ, ಅದು ಹಪ್ಪಳದ ಹಾಗೆ ಮುರಿಯಿತು. ಮೇಲೆತ್ತಿ ಬೆಳಕಿಗೆ ಹಿಡಿದಳು. ಹಸಿರು ಉಳಿದಿರಲಿಲ್ಲ. ಬೂದಿ ಕಲಸಿದಂಥ ಹಳದಿ.

"ಇದೂ ಹೋಯ್ತು," ಎಂದಳು.

ಮೂರು ತಿಂಗಳಲ್ಲಿ ಅದು ನಾಲ್ಕನೆಯ ಉಂಡೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿ ಯಂಕಮ್ಮ ಕೇಳಿದಳು: "ಏನ್ ಹೋಯ್ತು ಮಗಳ?"

"ಪಾಚಿ, ಅವ್ವ."

"ನೀರಿನ ಹೌದಿನ್ಯಾಗಿನ ಹಾವಸಿ ನಾವು ತಿಕ್ಕಿ ತಿಕ್ಕಿ ತೆಗೀತಿದ್ವಿ. ತೆಗದ್ರೂ ಎರಡು ದಿನಕ್ಕ ಮತ್ತ ಬರ್ತಿತ್ತು. ನೀ ಸಾಕ್ತೀನಿ ಅಂದ್ರ ಬರವಲ್ದು."

ಬೇರೆ ದಿನವಾಗಿದ್ದರೆ ಕರುಣಾ ನಗುತ್ತಿದ್ದಳು. ಅಂದು ನಗಲಿಲ್ಲ. ಕೈ ತೊಳೆದುಕೊಂಡು, ಗೋಡೆಗೆ ತೂಗುಹಾಕಿದ್ದ ನೋಟುಬುಕ್ಕಿನಲ್ಲಿ ತಾರೀಖು ಬರೆದು, ಅದರ ಮುಂದೆ 'ಸತ್ತಿತು' ಎಂದು ಬರೆದಳು.

ಕರುಣಾಳಿಗೆ ಆಗ ಮೂವತ್ತೊಂಬತ್ತು ವರ್ಷ. ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಸರ್ಕಾರಿ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಸುತ್ತಲಿನ ಹಳ್ಳಿಗಳಿಂದ ಬಾಟಲಿಗಳಲ್ಲಿ ಬೋರ್‌ವೆಲ್ ನೀರು ಬರುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಗಡಸುತನ ಎಷ್ಟು ಎಂದು ನೋಡಿ ಕುಡಿಯಲು ಯೋಗ್ಯ ಅಥವಾ ಅಯೋಗ್ಯ ಎಂದು ಬರೆಯುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದಳು. ಸೂಕ್ಷ್ಮದ ಕೈ ಎಂದು ಹೆಸರು ಪಡೆದಿದ್ದಳು. ಅವಳು ಬರೆದ ಅಂಕಿಯನ್ನು ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಗಂಡ ಅಜಯಕುಮಾರ ಕಾಳಗಿಯಲ್ಲಿ ಹೈಸ್ಕೂಲ್ ಮಾಸ್ತರ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದ. ಕರುಣಾಳ ತಂದೆ ತೀರಿಕೊಂಡ ಮೇಲೆ ಯಂಕಮ್ಮ ಆರು ತಿಂಗಳು ಆಡಕಿಯಲ್ಲಿ ಮಗನ ಮನೆಯಲ್ಲಿ, ಆರು ತಿಂಗಳು ಸೇಡಮ್ಮಿನಲ್ಲಿ ಮಗಳ ಮನೆಯಲ್ಲಿ ಇರುವುದು ರೂಢಿಯಾಗಿತ್ತು.

ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಉಪ್ಪುನೀರಿನ ತೊಟ್ಟಿ ಯಾಕೆ ಎಂದು ಮನೆಗೆ ಬಂದವರೆಲ್ಲ ಕೇಳುತ್ತಿದ್ದರು. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಕಾಲೇಜಿನವರು ಅವಳನ್ನೂ ಅವಳ ಗೆಳತಿಯರನ್ನೂ ಕಾರವಾರದ ಕಡೆಗೆ ಕರೆದುಕೊಂಡು ಹೋಗಿದ್ದರು. ಸಮುದ್ರದ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಕುಳಿಯಲ್ಲಿ ಮೊಣಕಾಲುಮಟ್ಟ ನೀರು ನಿಂತಿತ್ತು. ಅದರೊಳಗೆ ಹಸಿರು ದ್ರಾಕ್ಷಿ ಗೊಂಚಲಿನಂಥ ಪಾಚಿ, ಅದರ ಸಂದಿಯಲ್ಲಿ ಬೆರಳುದ್ದದ ಮೀನು. ಎಲ್ಲರೂ ಅಲೆಯ ಕಡೆ ಓಡಿದರೆ ಇವಳು ಆ ಕುಳಿಯ ಮುಂದೆಯೇ ಒಂದು ತಾಸು ಕುಳಿತಿದ್ದಳು. ಮುಂದೆ ನೌಕರಿ, ಮದುವೆ, ಮನೆ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಶಹಾಬಾದಿನ ಜಹಾಂಗೀರನ ಪರಿಚಯವಾಯಿತು. ಅವನ ಅಪ್ಪ ಕಲ್ಲು ಪಾಲಿಶ್ ಮಾಡುತ್ತಿದ್ದವರು. ಜಹಾಂಗೀರ ಮಾತ್ರ ಸಾಕುವ ಮೀನಿನ ಅಂಗಡಿ ಇಟ್ಟಿದ್ದ. ಹೈದರಾಬಾದಿನಿಂದ ಸಮುದ್ರದ ಉಪ್ಪು, ಮೀನು, ಪಾಚಿ ಎಲ್ಲವನ್ನೂ ರೈಲಿನಲ್ಲಿ ತರಿಸಿ ಕೊಡುತ್ತಿದ್ದ.

ಅವನೇ ನಿಂತು ಕಟ್ಟಿಸಿದ ನಾಲ್ಕು ಅಡಿಯ ತೊಟ್ಟಿ ಅದು. ಮೇಲಿನ ತೊಟ್ಟಿಯಲ್ಲಿ ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಒಂದು ಕೆಂಪು ಸೀಗಡಿ, ನಾಲ್ಕಾರು ಮೆತ್ತನೆಯ ಹವಳ. ಕೆಳಗೆ ಕಪಾಟಿನೊಳಗೆ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ನೀರು ಕೊಳವೆಯಲ್ಲಿ ಇಳಿದು ಇಲ್ಲಿಗೆ ಬರುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಪಾಚಿ ಬೆಳೆಯಬೇಕಾದದ್ದು ಈ ಕೆಳಗಿನ ತೊಟ್ಟಿಯಲ್ಲಿ. ಮೀನಿನ ಹೇಲು ನೀರಿನಲ್ಲಿ ಕರಗಿ ಏನೇನಾಗುತ್ತದೋ ಅದನ್ನೆಲ್ಲ ಪಾಚಿ ಹೀರಿಕೊಂಡು ಬೆಳೆಯಬೇಕು, ನೀರು ತಿಳಿಯಾಗಬೇಕು. ಮೀನು ಚೆನ್ನಾಗಿದ್ದವು. ಪಾಚಿ ಮಾತ್ರ ತಂದದ್ದು ತಂದ ಹಾಗೆ ಸಾಯುತ್ತಿತ್ತು.

ಕರುಣಾ ಸುಮ್ಮನೆ ಬಿಡುವವಳಲ್ಲ. ಮೊದಲು ದೀಪದ ಮೇಲೆ ಸಂಶಯಪಟ್ಟು ಎರಡರಷ್ಟು ಪ್ರಖರವಾದ ದೀಪ ಹಾಕಿದಳು. ಪಾಚಿ ಇನ್ನೂ ಬೇಗ ಬಿಳಿಚಿತು. ನೀರು ಸಾಕಷ್ಟು ತಿರುಗುತ್ತಿಲ್ಲವೇನೋ ಎಂದು ಚಿಕ್ಕ ಪಂಪೊಂದನ್ನು ಕೂಡಿಸಿದಳು. ಉಂಡೆ ಗಿರಗಿರ ತಿರುಗಿತು, ತಿರುಗುತ್ತಲೇ ಸತ್ತಿತು. ಸೆಕೆಗೆ ನೀರು ಮೂವತ್ತೊಂದು ಡಿಗ್ರಿಗೆ ಏರಿತ್ತು, ಆರಿ ಆರಿ ಉಪ್ಪೂ ಹೆಚ್ಚಾಗಿತ್ತು. ತೊಟ್ಟಿಯ ಮೇಲೆ ಫ್ಯಾನು ಕಟ್ಟಿ ಇಪ್ಪತ್ತೇಳಕ್ಕೆ ಇಳಿಸಿದಳು. ದಿನಾ ಸಂಜೆ ಶುದ್ಧ ನೀರು ಸೇರಿಸಿ ಉಪ್ಪಿನ ಅಳತೆ ಸರಿಪಡಿಸಿದಳು. ಏನೂ ಆಗಲಿಲ್ಲ. ಪ್ರತಿ ಭಾನುವಾರ ನೀರಿನ ಪರೀಕ್ಷೆ ಮಾಡಿ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು: ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಆ ಎರಡು ಸೊನ್ನೆಗಳನ್ನು ಬರೆಯುವಾಗ ಮಾತ್ರ ಅವಳಿಗೆ ಸಮಾಧಾನವಾಗುತ್ತಿತ್ತು. ನೀರಿನಲ್ಲಿ ತಪ್ಪಿಲ್ಲ.

ಹಾಗಾದರೆ ತಪ್ಪು ಎಲ್ಲಿ?

ಆ ಶುಕ್ರವಾರ ಸೀಗಡಿಯೂ ಕಾಣದಾಯಿತು. ದಿನಾ ಕಲ್ಲಿನ ತುದಿಗೆ ಬಂದು ಮೀಸೆ ಆಡಿಸುತ್ತಿದ್ದದ್ದು ಎರಡು ದಿನದಿಂದ ಹೊರಗೇ ಬಂದಿರಲಿಲ್ಲ. ಕರುಣಾ ಫೋನಿನಲ್ಲಿ ಹುಡುಕುತ್ತ ಕೂತಳು. ಪಾಚಿ, ಸೀಗಡಿ ಎರಡಕ್ಕೂ ಒಂದೇ ವಿಷ ಯಾವುದು? ತಾಮ್ರ. ಸ್ವಲ್ಪ ತಾಮ್ರ ನೀರಿಗೆ ಸೇರಿದರೆ ಸಾಕು, ಮೀನು ತಡೆದುಕೊಂಡಾವು, ಇವು ತಡೆಯಲಾರವು. ಅವಳು ಪಂಪಿನ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಳು. ನಲ್ಲಿಯ ತಿರುಪು ನೋಡಿದಳು. ಎಲ್ಲಿಯೂ ತಾಮ್ರ ಸಿಗಲಿಲ್ಲ. ಆದರೂ ಆ ಮಾತು ತಲೆಯಿಂದ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಬಚ್ಚಲಿನಿಂದ ಹೊರಬಂದಾಗ ಅವಳಿಗೆ ಕಂಡದ್ದು ಇಷ್ಟು: ಯಂಕಮ್ಮ ತೊಟ್ಟಿಯ ಮುಂದೆ ನಿಂತಿದ್ದಾಳೆ. ಕೈಯಲ್ಲಿ ತಾಮ್ರದ ತಂಬಿಗೆ. ತಂಬಿಗೆ ಓರೆಯಾಗಿದೆ.

"ಅವ್ವಾ! ಏನ್ ಹಾಕ್ಲಿಕತ್ತಿ ಅದ್ರಾಗ?"

ಯಂಕಮ್ಮ ಬೆಚ್ಚಿ ತಿರುಗಿದಳು. "ನಾ ಏನ್ ಹಾಕ್ಲಿ..."

"ಎಷ್ಟ್ ದಿನದಿಂದ ಹಾಕ್ಲಿಕತ್ತಿ? ಮೂರು ತಿಂಗಳ ಆಯ್ತು ನನ್ನ ತಲಿ ಕೆಟ್ಟು. ಅದ್ರ ನೀರು ನಾನೇ ಅಳತಿ ಮಾಡಿ ಹಾಕ್ತೀನಿ ಅಂತ ಹೇಳಿಲ್ಲೇನು?"

"ಮಗಳ, ನಾ..."

"ಮುಟ್ಟಬ್ಯಾಡ ಅವ್ವ! ನನ್ನ ನೀರು ಮುಟ್ಟಬ್ಯಾಡ ನೀ!"

ಗಡ್ಡಕ್ಕೆ ಸಾಬೂನು ಹಚ್ಚಿಕೊಂಡಿದ್ದ ಅಜಯಕುಮಾರ ಹಾಗೆಯೇ ಹೊರಗೆ ಬಂದು ನಿಂತ. ಯಂಕಮ್ಮ ತಂಬಿಗೆಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟಳು. ತೊಟ್ಟಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಮಗಳ ಮುಖವನ್ನು ನೋಡಲಿಲ್ಲ. ಆಮೇಲೆ ಒಳಗೆ ಹೋಗಿ, ಬಡಿಯದೆ ಉಳಿದಿದ್ದ ಹಿಟ್ಟನ್ನು ರೊಟ್ಟಿ ಮಾಡಿ ಮುಗಿಸಿ, ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ, ಮಧ್ಯಾಹ್ನದ ಬಸ್ಸಿಗೆ ಆಡಕಿಗೆ ಹೋದಳು.

"ಬಸ್ ಸ್ಟ್ಯಾಂಡಿನ ತನಕ ನಾ ಹೋಗಿ ಬಂದೆ," ಎಂದ ಅಜಯಕುಮಾರ. "ದಾರ್ಯಾಗ ಒಂದು ಮಾತೂ ಆಡಲಿಲ್ಲ. ಒಂದ್ ಸಲ ಫೋನ್ ಮಾಡು ಕರುಣಾ."

"ಮಾಡ್ತೀನಿ. ಮೊದಲ ತಾಮ್ರದ ಪರೀಕ್ಷೆ ಆಗ್ಲಿ."

"ಪರೀಕ್ಷೆದಾಗ ತಾಮ್ರ ಬಂದ್ರ ಅವ್ವಗ ಹಂಗ ಅನ್ಬೇಕಾಗಿತ್ತೇನು?"

ತಾನು ಆಡಿದ ಮಾತು ಯಾವುದು, ಅದನ್ನು ತನ್ನ ತಾಯಿ ಮೊದಲು ಯಾರ ಬಾಯಲ್ಲಿ ಕೇಳಿದ್ದಳು ಎಂಬುದು ಕರುಣಾಳಿಗೆ ಗೊತ್ತಿತ್ತು. ಆಡುವಾಗ ಹೊಳೆದಿರಲಿಲ್ಲ, ತಾಯಿ ಎರಡು ಹೆಜ್ಜೆ ಹಿಂದೆ ಸರಿದಾಗ ಹೊಳೆದಿತ್ತು. ಹೊಳೆದ ಮೇಲೂ ತಪ್ಪಾಯಿತು ಎನ್ನಲು ನಾಲಗೆ ಹೊರಳಿರಲಿಲ್ಲ. ಪರೀಕ್ಷೆಯಲ್ಲಿ ತಾಮ್ರ ಬಂದರೆ ತನ್ನ ಸಿಟ್ಟಿಗೆ ಒಂದು ಕಾರಣವಾದರೂ ಇರುತ್ತದೆ ಎಂದು ಅವಳು ಅದನ್ನೇ ಹಿಡಿದು ಕೂತಳು.

ಸೋಮವಾರ ಜಹಾಂಗೀರ ತಾಮ್ರ ನೋಡುವ ಹನಿಗಳ ಪೆಟ್ಟಿಗೆ ತಂದುಕೊಟ್ಟ. ಕರುಣಾ ಚಿಕ್ಕ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಾಕಿ ಹನಿ ಬಿಟ್ಟಳು. ಬಣ್ಣ ಬರಲಿಲ್ಲ. ಐದು ನಿಮಿಷ ಕಾದಳು, ಹತ್ತು ನಿಮಿಷ ಕಾದಳು. ಎರಡನೆಯ ಸಲ ಮಾಡಿದಳು, ಮೂರನೆಯ ಸಲ ಮಾಡಿದಳು. ಪೆಟ್ಟಿಗೆಯೇ ಕೆಟ್ಟಿರಬೇಕೆಂದು ಕಚೇರಿಗೆ ಒಯ್ದು, ತಾಮ್ರವಿದೆಯೆಂದು ಗೊತ್ತಿದ್ದ ದ್ರಾವಣಕ್ಕೆ ಅದೇ ಹನಿ ಹಾಕಿದಳು. ಕೂಡಲೇ ಬಣ್ಣ ತಿರುಗಿತು. ಪೆಟ್ಟಿಗೆ ಸರಿಯಿತ್ತು. ತೊಟ್ಟಿಯಲ್ಲಿ ತಾಮ್ರ ಇರಲಿಲ್ಲ.

ಸಂಜೆ ಮನೆಗೆ ಬಂದರೆ ಸೀಗಡಿ ಕಲ್ಲಿನ ತುದಿಯಲ್ಲಿ ಕೂತು ಮೀಸೆ ಆಡಿಸುತ್ತಿತ್ತು. ಅದರ ಹಳೆಯ ಚಿಪ್ಪು ಗಾಜಿನ ಪೆಟ್ಟಿಗೆಯಂತೆ ಮೂಲೆಯಲ್ಲಿ ಬಿದ್ದಿತ್ತು. ಪೊರೆ ಕಳಚುವಾಗ ಅದು ಮರೆಯಾಗಿತ್ತಷ್ಟೆ.

ಅವಳು ಆಡಕಿಗೆ ಫೋನ್ ಮಾಡಿದಳು. ತಮ್ಮ ಅರುಣಕುಮಾರ ಎತ್ತಿದ.

"ಅವ್ವಗ ಕೊಡು."

"ಅವ್ವ ಹೊಲದಾಗ ಅದಾಳ ಅಕ್ಕ." ಅವನೇ ಕೇಳಿದ: "ಅಲ್ಲಿ ಏನಾಗ್ಯದ? ಕೇಳಿದ್ರ ಏನೂ ಹೇಳವಲ್ಲಳು. ಸೆಕಿ ಭಾಳ ಅದ, ಅದಕ್ಕ ಬಂದೀನಿ ಅಂತಾಳ. ಆಡಕ್ಯಾಗ ಸೆಕಿ ಕಡಿಮಿ ಅದ ಏನು?"

ಮಂಗಳವಾರವೂ ಯಂಕಮ್ಮ ಹೊಲದಲ್ಲಿದ್ದಳು. ಬುಧವಾರವೂ ಹೊಲದಲ್ಲಿದ್ದಳು.

ಕೆಳಗಿನ ತೊಟ್ಟಿಯಲ್ಲಿ ಇನ್ನು ಉಳಿದಿದ್ದದ್ದು ಉಂಡೆಗಳ ಜೊತೆ ತರಿಸಿದ್ದ ದ್ರಾಕ್ಷಿ ಗೊಂಚಲಿನ ಪಾಚಿ ಒಂದೇ. ಕಾರವಾರದ ಕುಳಿಯಲ್ಲಿ ಕಂಡ ಜಾತಿಯದು. ಅದರ ತುದಿಗಳೂ ಬಿಳಿಚತೊಡಗಿದ್ದವು. ಅದನ್ನಾದರೂ ಉಳಿಸಬೇಕೆಂದು ಅವಳು ದೀಪವನ್ನು ಹಗಲು ರಾತ್ರಿ ಆರಿಸದೆ ಬಿಟ್ಟಳು. ಅಜಯಕುಮಾರ ಶಾಲೆಯ ಪರೀಕ್ಷೆಯ ಕೆಲಸಕ್ಕೆ ಕಾಳಗಿಯಲ್ಲೇ ಉಳಿದಿದ್ದ. ಮನೆಯಲ್ಲಿ ಅವಳೊಬ್ಬಳೇ.

ಗುರುವಾರ ಸೂರ್ಯ ಏಳುವ ಹೊತ್ತಿಗೆ ಎಚ್ಚರವಾಯಿತು. ಮನೆ ವಿಪರೀತ ಮೌನವಾಗಿತ್ತು. ಪಂಪಿನ ಸದ್ದಿಲ್ಲ, ಫ್ಯಾನಿನ ಸದ್ದಿಲ್ಲ. ಕರೆಂಟ್ ಹೋಗಿತ್ತು. ಯಾವಾಗ ಹೋಗಿತ್ತೋ ಗೊತ್ತಿಲ್ಲ. ಅವಳು ಎದ್ದು ಕಿಟಕಿ ತೆರೆದು ತೊಟ್ಟಿಯ ಕಡೆ ನೋಡಿದಳು.

ನೀರು ಹಾಲಾಗಿತ್ತು.

ಹಿಂದಿನ ಕಲ್ಲು ಕಾಣುತ್ತಿರಲಿಲ್ಲ. ಕಪಾಟು ತೆಗೆದಳು. ಕೆಳಗೂ ಹಸಿರುಛಾಯೆಯ ಹಾಲು, ಅದರೊಳಗೆ ದ್ರಾಕ್ಷಿ ಪಾಚಿ ಖಾಲಿ ಪ್ಲಾಸ್ಟಿಕ್ ಚೀಲದಂತೆ ಪಾರದರ್ಶಕವಾಗಿ ತೂಗುತ್ತಿತ್ತು. ಈ ಜಾತಿಯ ಪಾಚಿ ಸಾವು ಸಮೀಪಿಸಿದಾಗ ಒಳಗಿನ ಜೀವವನ್ನೆಲ್ಲ ಒಮ್ಮೆಲೆ ಬೀಜದ ಹಾಗೆ ನೀರಿಗೆ ಚೆಲ್ಲಿಬಿಡುತ್ತದೆ ಎಂದು ಅವಳು ಓದಿದ್ದಳು. ಚೆಲ್ಲಿದ್ದೆಲ್ಲ ಕೊಳೆಯುತ್ತ ನೀರಿನ ಉಸಿರನ್ನು ಹೀರುತ್ತದೆ. ಪಂಪು ನಿಂತಿದೆ. ಮೇಲಿನ ತೊಟ್ಟಿಯಲ್ಲಿ ಎರಡೂ ಮೀನು ನೀರಿನ ಅಂಚಿಗೆ ಬಾಯಿಟ್ಟು ಗಬಗಬ ತೆರೆದು ಮುಚ್ಚುತ್ತಿದ್ದವು.

ಅವಳು ಜಹಾಂಗೀರನಿಗೆ ಫೋನ್ ಹಚ್ಚಿದಳು.

"ನೀರು ಬೆಳ್ಳಗ ಆಗ್ಯದ ಜಹಾಂಗೀರ. ಕರೆಂಟ್ ಇಲ್ಲ. ಮೀನ ಮ್ಯಾಲ ಬಂದಾವ."

ಅವನ ದನಿಯಲ್ಲಿದ್ದ ನಿದ್ದೆ ಹಾರಿಹೋಯಿತು. "ಅಕ್ಕೋರೆ, ಗಾಬರಿ ಆಗಬ್ಯಾಡ್ರಿ. ಕಲಸಿಟ್ಟ ಉಪ್ಪುನೀರು ಅದ ಏನ್ರಿ?"

"ಎರಡು ಬಕೆಟ್ ಅದ."

"ಒಂದು ಬಕೆಟಿಗಿ ಮೀನ ಹಾಕ್ರಿ. ಬ್ಯಾಟರಿದು ಗಾಳಿ ಪಂಪು ಕೊಟ್ಟಿದ್ದೆ, ಅದು ಬಿಡ್ರಿ. ಆ ಪಾಚಿ ಒಂದ್ ಎಳಿ ಉಳೀಬಾರದು, ತೆಗೀರಿ. ನಾ ಹೊಂಟೆ, ನೀರು ತರ್ತೀನಿ."

ಗಾಳಿ ಪಂಪು ಸಿಕ್ಕಿತು, ಬ್ಯಾಟರಿ ಸತ್ತಿತ್ತು. ಗಡಿಯಾರದ ಬ್ಯಾಟರಿ ಕಿತ್ತಳು, ಟಿ.ವಿ. ರಿಮೋಟಿನದು ಕಿತ್ತಳು. ಒಂದು ಕೂಡಲಿಲ್ಲ, ಇನ್ನೊಂದು ಕೂಡಿತು. ಬಕೆಟಿನಲ್ಲಿ ಗುಳ್ಳೆ ಎದ್ದವು. ಜಾಳಿಗೆ ತೊಟ್ಟಿಗೆ ಬಿಟ್ಟರೆ ಹಾಲಿನೊಳಗೆ ಮೀನು ಕಾಣವು. ದೊಡ್ಡದು ತಾನಾಗಿಯೇ ಅಂಚಿಗೆ ಬಂತು, ಸಿಕ್ಕಿತು. ಚಿಕ್ಕದು ತಳಕ್ಕೆ ಇಳಿಯಿತು. ಅವಳು ಜಾಳಿಗೆ ಬಿಸಾಡಿ ಎರಡೂ ಕೈಯನ್ನು ಭುಜದವರೆಗೆ ಇಳಿಬಿಟ್ಟು ಕಲ್ಲುಗಳ ಸಂದಿಯಲ್ಲಿ ತಡಕಿದಳು. ಬೆರಳಿಗೆ ಏನೋ ಮೃದುವಾದದ್ದು ತಾಗಿ ಜಾರಿತು, ಮತ್ತೆ ತಾಗಿತು. ಹಿಡಿದು ಮೇಲೆತ್ತಿದಾಗ ಅದು ಪಕ್ಕಕ್ಕೆ ವಾಲಿತ್ತು. ಬಕೆಟಿಗೆ ಬಿಟ್ಟಳು. ಅದು ಒಂದು ಬದಿಗೆ ಮಲಗಿ ಮುಳುಗಿತು. ಗುಳ್ಳೆಯ ಕೊಳವೆಯನ್ನು ಅದರ ಮುಖದ ಹತ್ತಿರಕ್ಕೇ ಹಿಡಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಅದರ ಕಿವಿರು ಒಮ್ಮೆ ಅಲುಗಿತು. ಆಮೇಲೆ ಇನ್ನೊಮ್ಮೆ.

ಕೊಳವೆಯನ್ನು ಬಕೆಟಿನ ಅಂಚಿಗೆ ಕಟ್ಟಿ, ಕೆಳಗಿನ ತೊಟ್ಟಿಯಿಂದ ಸತ್ತ ಪಾಚಿಯನ್ನು ಕೈಯಿಂದ ಬಳಿದು ಬಳಿದು ತೆಗೆದಳು. ಹಾಲುನೀರನ್ನು ಕೊಡದಿಂದ ಮೊಗೆದು ಬಚ್ಚಲಿಗೆ ಚೆಲ್ಲಿದಳು. ನೈಟಿ ತೊಯ್ದು ಉಪ್ಪಾಗಿತ್ತು. ಹೆಬ್ಬೆರಳಿಗೆ ಕಲ್ಲು ತರಚಿ ರಕ್ತ ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಜಹಾಂಗೀರ ಮೋಟರ್ ಸೈಕಲ್ಲಿಗೆ ಎರಡು ದೊಡ್ಡ ಕ್ಯಾನು ಕಟ್ಟಿಕೊಂಡು ಬಂದಾಗ ಏಳೂವರೆ. ಅವನು ಚಪ್ಪಲಿ ಬಿಟ್ಟವನೇ ಬಕೆಟಿಗೆ ಬಗ್ಗಿದ. "ಎರಡೂ ಜೀವಂತ ಅವ. ಶಾಬಾಸ್ರಿ ಅಕ್ಕೋರೆ." ಇಬ್ಬರೂ ಸೇರಿ ಮುಕ್ಕಾಲು ಪಾಲು ನೀರು ಬದಲಿಸಿದರು, ಇದ್ದಿಲಿನ ಚೀಲ ಇಳಿಬಿಟ್ಟರು. ಎಂಟೂವರೆಗೆ ಕರೆಂಟ್ ಬಂತು. ಪಂಪು ಗುರುಗುಟ್ಟಿದಾಗ ಕರುಣಾ ಮೀನುಗಳನ್ನು ಮತ್ತೆ ತೊಟ್ಟಿಗೆ ಬಿಟ್ಟಳು. ಸೀಗಡಿ ಉಳಿಯಲಿಲ್ಲ. ಹೊಸ ಚಿಪ್ಪು ಇನ್ನೂ ಗಟ್ಟಿಯಾಗುವ ಮೊದಲೇ ಸತ್ತು ಕಲ್ಲಿನ ಕೆಳಗೆ ಬಿದ್ದಿತ್ತು.

ಜಹಾಂಗೀರ ಗೋಡೆಯ ನೋಟುಬುಕ್ಕನ್ನು ತಿರುವಿ ನೋಡಿದ. "ನೈಟ್ರೇಟ್ ಸೊನ್ನಿ, ಫಾಸ್ಫೇಟ್ ಸೊನ್ನಿ. ಇಷ್ಟ್ ಸಾಫ್ ನೀರು ನಾ ಹೈದರಾಬಾದದಾಗೂ ನೋಡಿಲ್ರಿ. ಮತ್ಯಾಕ ಹಿಂಗ ಆಗ್ಲಿಕತ್ತದ ತಿಳೀವಲ್ದು."

ಅವಳಿಗೂ ತಿಳಿಯಲಿಲ್ಲ. ಸ್ನಾನ ಮಾಡಿ, ತಡವಾಗಿ ಕಚೇರಿಗೆ ಹೋದಳು.

ಅಲ್ಲಿ ಚಿಂಚೋಳಿ ರಸ್ತೆಯ ಹಳ್ಳಿಯೊಂದರಿಂದ ಭೀಮಬಾಯಿ ಎಂಬ ಹೆಂಗಸು ಬಂದು ಕಾದಿದ್ದಳು. ಕಾಯಿಪಲ್ಲೆ ಬೆಳೆಯುವವಳು. ಹಿಂದಿನ ವಾರ ಅವಳ ಬೋರಿನ ನೀರಿಗೆ ಕರುಣಾಳೇ 'ನೈಟ್ರೇಟ್ ಹೆಚ್ಚು, ಕುಡಿಯಲು ಅಯೋಗ್ಯ' ಎಂದು ಬರೆದುಕೊಟ್ಟಿದ್ದಳು. ಭೀಮಬಾಯಿಗೆ ಸಿಟ್ಟು ಬಂದಿತ್ತು.

"ನೀರು ಖರಾಬ್ ಅಂತ ಬರದೀರಿ. ಕುಡೀಲಿಕ್ಕ ಬ್ಯಾಡ, ಒಪ್ಪಿಕೊಂಡೆ. ಆದ್ರ ಈ ನೀರಿಗಿ ನನ್ನ ಮೆಂತೆ ಹ್ಯಾಂಗ ಬಂದದ ನೋಡ ಬರ್ರಿ. ಬಾಜೂ ಹೊಲದವರು ಚೀಲಗಟ್ಟಲೆ ಗೊಬ್ಬರ ಹಾಕ್ತಾರ, ನಾ ಮುಷ್ಟಿ ಹಾಕಿಲ್ಲ. ಖರಾಬ್ ನೀರಿಗಿ ಪಲ್ಲೆ ಬರ್ತದೇನ್ರಿ?"

ಕರುಣಾ ಯಾವತ್ತಿನ ಉತ್ತರ ಕೊಡಲು ಬಾಯಿ ತೆರೆದಳು. "ನೈಟ್ರೇಟ್ ಅಂದ್ರ ಗೊಬ್ಬರಾನೇ ಭೀಮಬಾಯಿ. ಕೂಸುಗಳಿಗಿ ವಿಷ, ಪಲ್ಲೆಗಿ..."

ಅಲ್ಲಿಗೆ ಅವಳ ಮಾತು ನಿಂತಿತು.

ಪಲ್ಲೆಗೆ ಊಟ. ಹದಿನಾಲ್ಕು ವರ್ಷ ಅವಳು ಈ ಅಂಕಿಯನ್ನು ವೈರಿಯ ಹಾಗೆ ನೋಡಿದ್ದಳು. ಎಲ್ಲಿ ಕಂಡರೂ ಕೆಂಪು ಶಾಯಿಯಲ್ಲಿ ಬರೆದಿದ್ದಳು. ಮನೆಯ ತೊಟ್ಟಿಯಲ್ಲೂ ಅದನ್ನು ಬಿಡಲಿಲ್ಲ. ನೊರೆ ತೆಗೆಯುವ ಯಂತ್ರ ಹಗಲಿರುಳು ಓಡುತ್ತಿತ್ತು. ಫಾಸ್ಫೇಟ್ ಹೀರುವ ಹರಳಿನ ಚೀಲ ನೀರಿನಲ್ಲೇ ಇತ್ತು. ಗಲೀಜಾದೀತೆಂದು ಮೀನಿಗೂ ಚಿಟಿಕೆ ಲೆಕ್ಕದಲ್ಲಿ ಆಹಾರ. ಪಾಚಿಗೆ ಬೆಳಕು ಕೊಟ್ಟಳು, ತಂಪು ಕೊಟ್ಟಳು, ತಿನ್ನಲು ಏನನ್ನೂ ಉಳಿಸಲಿಲ್ಲ. ದೀಪ ಹೆಚ್ಚಿಸಿದಷ್ಟೂ ಅದು ಬೇಗ ಸತ್ತದ್ದು ಯಾಕೆಂದು ಈಗ ತಿಳಿಯಿತು. ಹೊಟ್ಟೆಗಿಲ್ಲದ ಆಳಿಗೆ ಹೆಚ್ಚು ಕೆಲಸ ಹೇಳಿದ ಹಾಗಾಗಿತ್ತು.

"ಏನ್ರಿ ಬಾಯಾರ, ಸುಮ್ನಾದ್ರಿ?" ಎಂದಳು ಭೀಮಬಾಯಿ.

"ಕುಂದ್ರಿ. ಚಹಾ ಕುಡದು ಹೋಗ್ರಿ," ಎಂದಳು ಕರುಣಾ. ಕುಡಿಯಲು ಬೇರೆ ನೀರು ಎಲ್ಲಿಂದ ತರಬಹುದೆಂದು ನಿಧಾನವಾಗಿ ತಿಳಿಸಿ ಕಳಿಸಿದಳು.

ಸಂಜೆ ಹರಳಿನ ಚೀಲವನ್ನು ಕಿತ್ತೆಸೆದಳು. ಜಹಾಂಗೀರನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. "ಆ ಚೀಲ ಹಾಕ್ರಿ ಅಂತ ಹೇಳಿದಾವ ನಾನೇ ಅಲ್ಲೇನ್ರಿ ಅಕ್ಕೋರೆ," ಎಂದ ಅವನು. ಮರುದಿನ ಹೊಸ ಪಾಚಿಯ ಒಂದು ಹಿಡಿಯನ್ನು ತಾನೇ ತಂದು ಬಿಟ್ಟುಹೋದ.

ಕಲಬುರಗಿಯ ರಾಸಾಯನಿಕದ ಅಂಗಡಿಯಿಂದ ಪೊಟ್ಯಾಸಿಯಮ್ ನೈಟ್ರೇಟ್ ತರಿಸಿ, ನೀರಿನಲ್ಲಿ ಕರಗಿಸಿ, ದಿನಕ್ಕೆ ಕೆಲವೇ ಹನಿ ಹಾಕತೊಡಗಿದಳು. ಮೀನಿಗೆ ಎರಡು ಹೊತ್ತು ಹೊಟ್ಟೆತುಂಬ ಊಟ. ದೀಪ ದಿನಕ್ಕೆ ಹತ್ತು ತಾಸು ಮಾತ್ರ. ನೊರೆ ಯಂತ್ರಕ್ಕೆ ಅರ್ಧ ದಿನ ರಜೆ. ಮೊದಲ ಭಾನುವಾರ ಪರೀಕ್ಷೆಯ ನಳಿಗೆಯಲ್ಲಿ ತೆಳುವಾದ ಗುಲಾಬಿ ಬಣ್ಣ ಬಂದಾಗ ಅವಳ ಕೈ ಅಭ್ಯಾಸಬಲದಿಂದ ಕೆಂಪು ಪೆನ್ನಿಗೆ ಹೋಯಿತು. ನೀಲಿ ಪೆನ್ನು ಹುಡುಕಿ 'ಐದು' ಎಂದು ಬರೆದಳು.

ಪಾಚಿ ಬದುಕುತ್ತದೋ ಇಲ್ಲವೋ ಎಂದು ನೋಡುತ್ತ ಕೂರಲಿಲ್ಲ. ಅದೇ ಭಾನುವಾರ ಆಡಕಿಯ ಬಸ್ಸು ಹತ್ತಿದಳು.

ಯಂಕಮ್ಮ ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮಗಳನ್ನು ನೋಡಿ, "ಬಾ. ಬಿಸಲಾಗ ಬಂದಿ," ಎಂದು ಮತ್ತೆ ಮೊರಕ್ಕೆ ತಲೆ ಬಗ್ಗಿಸಿದಳು. ಕರುಣಾ ಎದುರಿಗೆ ಕುಳಿತಳು.

"ಅವ್ವ, ತಾಮ್ರ ಇರಲಿಲ್ಲ. ನೀ ಏನೂ ಹಾಕಿರಲಿಲ್ಲ."

"ಕುಡೀಲಿಕತ್ತಿದ್ದೆ," ಎಂದಳು ಯಂಕಮ್ಮ. "ಮುಂಜಾನೆ ಎದ್ದು ತಂಬಿಗಿ ನೀರು ಕುಡೀತೀನಲ, ಅದು. ಮೀನ ನೋಡ್ಕೋತ ಕುಡದ್ರ ಛಲೋ ಅನಿಸ್ತಿತ್ತು."

"ತಪ್ಪಾಯ್ತು ಅವ್ವ. ಹಂಗ ಅನಬಾರದಿತ್ತು."

ಮೊರ ಒಂದು ಕ್ಷಣ ನಿಂತಿತು. ಹೊರಗೆ ಯಾರದೋ ಟ್ರ್ಯಾಕ್ಟರ್ ಹಾದುಹೋಯಿತು.

"ನನ್ನ ತವರಾಗ ನಾವು ಬಾವಿಗಿ ಇಳೀತಿದ್ದಿಲ್ಲ, ನಿನಗ ಗೊತ್ತದ. ಕೊಡ ಇಟ್ಕೊಂಡು ದೂರ ಕುಂದ್ರೂದು. ಯಾರರ ಬಂದು ಮ್ಯಾಲಿಂದ ಸುರವಬೇಕು. ಒಂದಿನ ಹಗ್ಗಕ್ಕ ಕೈ ತಾಕ್ತು. ನೀರು ಸೇದೂ ಮುದುಕಿ ಇದ್ದ ನೀರೆಲ್ಲ ಚೆಲ್ಲಿ, ನನ್ನ ನೀರು ಮುಟ್ಟಬ್ಯಾಡ ಅಂತ ಬೈದ್ಳು. ನನಗ ಹತ್ತು ವರ್ಷ. ಸಿಟ್ಟು ಬಂದು ಕಲ್ಲು ಒಗದು ಓಡಿ ಬಂದಿದ್ದೆ." ಯಂಕಮ್ಮ ಮೊರದಿಂದ ಒಂದು ಹರಳು ಆರಿಸಿ ಬಾಗಿಲಾಚೆ ಎಸೆದಳು. "ನೀ ಅಂದಾಗ ಸಿಟ್ಟು ಬರಲಿಲ್ಲ ನೋಡು. ಬಸ್ಸಿನ್ಯಾಗ ಕುಂತು ನನ್ನ ಕೈ ನೋಡ್ಕೋತ ಬಂದೆ."

ಕರುಣಾಳ ಕಣ್ಣು ತುಂಬಿತು. ತಾಯಿ ಅವಳನ್ನು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಮೊರದಲ್ಲಿದ್ದ ತೊಗರಿಯಲ್ಲಿ ಅರ್ಧ ಭಾಗವನ್ನು ಅವಳ ಮುಂದೆ ಸರಿಸಿದಳು. ಇಬ್ಬರೂ ಮಧ್ಯಾಹ್ನದವರೆಗೆ ಹಸನು ಮಾಡಿದರು.

"ಬಾ ಅವ್ವ, ಇವತ್ತ ನನ್ನ ಕೂಡ," ಎಂದಳು ಕರುಣಾ ಹೊರಡುವಾಗ.

"ಈಗ ಬರೂದಿಲ್ಲ. ಬರಬೇಕು ಅನಿಸಿದಾಗ ಬರ್ತೀನಿ."

ಆ ಮಾತನ್ನು ಎಳೆದಾಡಲು ಕರುಣಾ ಹೋಗಲಿಲ್ಲ.

ಹೊಸ ಪಾಚಿ ಎರಡು ವಾರ ಹೇಗಿತ್ತೋ ಹಾಗೆ ಇತ್ತು. ಮೂರನೆಯ ವಾರ ಅದರ ಎಳೆಗಳು ಗಡುಸಾದವು, ತುದಿಯಲ್ಲಿ ಎಳೆಗರಿಕೆಯ ಬಣ್ಣ ಬಂತು. ಮಳೆಗಾಲದ ಹೊತ್ತಿಗೆ ಕೆಳಗಿನ ತೊಟ್ಟಿ ತುಂಬಿ, ತಿಂಗಳಿಗೊಮ್ಮೆ ಒಂದು ಬೋಗುಣಿಯಷ್ಟು ಕಿತ್ತು ತೆಗೆಯಬೇಕಾಯಿತು. ಅದನ್ನು ಜಹಾಂಗೀರ ಶಹಾಬಾದಿಗೆ ಒಯ್ದು ಬೇರೆ ತೊಟ್ಟಿಗಳವರಿಗೆ ಕೊಡುತ್ತಾನೆ. ದ್ರಾಕ್ಷಿ ಗೊಂಚಲಿನ ಪಾಚಿಯನ್ನು ಮಾತ್ರ ಅವಳು ಮತ್ತೆ ತರಿಸಲಿಲ್ಲ.

ಯಂಕಮ್ಮ ಶ್ರಾವಣದಲ್ಲಿ ಬಂದಳು. ಕಣ್ಣಿನ ಪೊರೆ ತೆಗೆಸಬೇಕಿತ್ತು. ಈಗಲೂ ಸೇಡಮ್ಮಿನಲ್ಲೇ ಇದ್ದಾಳೆ. ರೊಟ್ಟಿ ಬಡಿಯುತ್ತಾಳೆ, ಅಳಿಯನ ಸಂಗಡ ಹಾಸ್ಯ ಮಾಡುತ್ತಾಳೆ, ಮಗಳನ್ನು ಗದರುತ್ತಾಳೆ. ತೊಟ್ಟಿಯ ಹತ್ತಿರ ಮಾತ್ರ ತಾನಾಗಿ ಹೋಗುವುದಿಲ್ಲ. ಕರುಣಾ ಕರೆದರೆ ಬಂದು, ಕೈ ಹಿಂದೆ ಕಟ್ಟಿಕೊಂಡು ನೋಡಿ ಹೋಗುತ್ತಾಳೆ. ಹೀಗೆ ಕರೆಯುವುದನ್ನು ಕರುಣಾ ಒಂದು ದಿನವೂ ತಪ್ಪಿಸಿಲ್ಲ.

ಮೊನ್ನೆ ಹಾಗೆ ಕರೆದಾಗ ಯಂಕಮ್ಮ ಹೊಸ ಕಣ್ಣಿನಿಂದ ಗಾಜಿಗೆ ಬಗ್ಗಿ ಬಹಳ ಹೊತ್ತು ನೋಡಿ, "ಆ ಸಣ್ಣ ಮೀನ ಒಂದ್ ಕಡಿ ವಾಲಿ ಈಸ್ತದಲ, ಯಾಕ?" ಎಂದು ಕೇಳಿದಳು. ಕರುಣಾ ಆ ಗುರುವಾರದ ಬೆಳಗಿನ ಸಂಗತಿಯನ್ನೆಲ್ಲ ಹೇಳಿದಳು. ಬ್ಯಾಟರಿ ಸಿಗದ್ದು, ಗಡಿಯಾರ ಕಿತ್ತದ್ದು, ಹಾಲಿನಂಥ ನೀರಿನಲ್ಲಿ ತಡಕಿದ್ದು, ಎಲ್ಲ. ಯಂಕಮ್ಮ ಪೂರ್ತಿ ಕೇಳಿಸಿಕೊಂಡಳು.

"ಅವತ್ತ ನನಗ ಫೋನ್ ಮಾಡಬಾರದಿತ್ತೇನು?" ಎಂದಳು. "ಮುಂಜಾನೆದ ಬಸ್ಸಿಗಿ ಬರ್ತಿದ್ದೆ."